ವಿಡಿಯೋಗಾಗಿ ತಿಕ್ಕಿದ ಚರ್ಮ

ನಮ್ಮ ಕಡೆ ತಾಯಿ ಎಂಥವಳೆಂದು ಅಳೆಯುವುದು ಮಗುವಿನ ಕತ್ತಿನ ಹಿಂಭಾಗ ನೋಡಿ. ಅಲ್ಲಿ ಕೆಂಪು ಧೂಳಿನ ಗೆರೆ ಕಂಡರೆ ತಾಯಿ ಮೈಗಳ್ಳಿ. ಅದಿರಿನ ಲಾರಿಗಳು ಹಗಲಿರುಳೆನ್ನದೆ ಹೊಸಪೇಟೆಯನ್ನು ಹಾದುಹೋಗುತ್ತಿದ್ದ ಆ ವರ್ಷಗಳಲ್ಲಿ ತುಳಸಿ ಎಲೆಯೂ ಕೆಂಪು, ಒಣಹಾಕಿದ ಹಪ್ಪಳವೂ ಕೆಂಪು. ಮಕ್ಕಳ ಕತ್ತು ಮಾತ್ರ ಬೆಳ್ಳಗಿರಬೇಕಿತ್ತು.

ಈ ಮೂರ್ಖತನದಲ್ಲಿ ನನ್ನ ಪಾಲೂ ಇತ್ತು. ಕಾನ್ವೆಂಟಿನಲ್ಲಿ ದಿನಾ ಬೆಳಿಗ್ಗೆ ಸಿಸ್ಟರ್ ಮುಂದೆ ಉಗುರು ಚಾಚಿ ಬೆಳೆದವಳು ನಾನು. ಐದು ವರ್ಷದ ಮಗಳ ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ ಚರ್ಮ ಕೆಂಪಗೆ ಒರಟಾಗಿ ಎದ್ದಾಗ, ಎಲ್ಲ ಧೂಳಿನದೇ ಎಂದುಕೊಂಡೆ. ದಿನಕ್ಕೆರಡು ಸಲ ಬಿಸಿನೀರು, ಸೋಪು. ನಾನು ತಿಕ್ಕಿದಷ್ಟೂ ಅವಳು ಕೆರೆದುಕೊಂಡಳು. ಬೆಳಗಾದರೆ ದಿಂಬಿನ ಚೀಲದ ಮೇಲೆ ಕಡ್ಡಿಯಲ್ಲಿ ಗೀರಿದಂಥ ರಕ್ತದ ಗೆರೆಗಳು.

ಬಳ್ಳಾರಿಯ ಚರ್ಮದ ಡಾಕ್ಟರು ಅವಳ ಕೈ ನೋಡಿ, ಆಮೇಲೆ ನನ್ನ ಮುಖ ನೋಡಿದರು. “ಇದು ಎಕ್ಸಿಮಾ ಅಮ್ಮಾ. ಹೊಲಸಿಗೆ ಬಂದದ್ದಲ್ಲ, ಯಾರಿಗೂ ಅಂಟೂದಿಲ್ಲ. ಮೊದ್ಲು ತಿಕ್ಕೂದು ಬಿಡ್ರಿ. ಕೂಸೋ, ಪಾತ್ರೆಯೋ?”

ಅಂದಿನಿಂದ ಉಗುರುಬೆಚ್ಚಗಿನ ನೀರು, ಐದೇ ನಿಮಿಷ. ಟವೆಲಿನಲ್ಲಿ ಒರೆಸುವುದಲ್ಲ, ಒತ್ತುವುದು. ಮೈ ಇನ್ನೂ ಹಸಿಯಿರುವಾಗಲೇ ದಪ್ಪಗೆ ಮುಲಾಮು. ಕೆಂಪಾದ ಕಡೆ ಮಾತ್ರ ಔಷಧದ ಕ್ರೀಮು, ಅದೂ ಅವರು ಹೇಳಿದಷ್ಟೇ ದಿನ. ಮೂರು ತಿಂಗಳಲ್ಲಿ ಮಡಿಕೆಯ ಚರ್ಮ ಮೆತ್ತಗಾಯಿತು, ದಿಂಬಿನ ಚೀಲ ಬಿಳಿಯಾಗಿಯೇ ಉಳಿಯಿತು. ಆದರೆ ಮುಲಾಮಿಗೆ ಧೂಳು ಅಂಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕತ್ತಿನ ಹಿಂದೆ ಅದೇ ಕೆಂಪು ಗೆರೆ. ನಾನು ಅದನ್ನು ನೋಡಿ ಸುಮ್ಮನಿರುವುದನ್ನು ಕಲಿತೆ.

ಆಗ ಬಂತು ಸಂಡೂರಿನಲ್ಲಿ ನನ್ನ ಓರಗಿತ್ತಿಯ ಗೃಹಪ್ರವೇಶ. ಅವಳ ಗಂಡ, ಅಂದರೆ ನನ್ನ ಭಾವ, ಅದಿರಿನ ನಾಲ್ಕು ಲಾರಿ ಇಟ್ಟ ಮೇಲೆ ಎದ್ದ ಮನೆ. ಸೋಫಾದ ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಮನಸ್ಸಾಗದವರ ಮನೆ. ಕೂತವರೆಲ್ಲ ಏಳುವಾಗ ಪರಪರ ಸದ್ದಾಗುತ್ತಿತ್ತು. ಬಚ್ಚಲಲ್ಲಿ ಬಂಗಾರದ ಬಣ್ಣದ ನಲ್ಲಿ, ಅದರ ಬೆಲೆಯ ಚೀಟಿ ಇನ್ನೂ ಹಾಗೇ ಅಂಟಿತ್ತು.

ಬಾಗಿಲಲ್ಲೇ ಅವಳ ಬೆರಳು ಮಗಳ ಕತ್ತಿನ ಮೇಲೆ ಹೋಯಿತು. “ಏನ್ ತಂಗಿ, ಇಂಗ್ಲಿಷ್ ಸಾಲೀ ಕಲ್ತಾಕಿ, ಕೂಸಿನ ಮೈ ತೊಳ್ಯಾಕ ಬರಂಗಿಲ್ಲೇನ? ವಿಡಿಯೋದವ ಬಂದಾನ!”

“ತಿಕ್ಕಬ್ಯಾಡ ಅಂತ ಡಾಕ್ಟ್ರು ಹೇಳ್ಯಾರ್ರಿ ಅಕ್ಕ,” ಎಂದೆ. ಹೂವಿನ ದರ ವಿಚಾರಿಸುವಂಥ ದನಿಯಲ್ಲಿ.

“ಡಾಕ್ಟ್ರಿಗೇನ್ ಗೊತ್ತು? ಅದು ನಂಜು. ಬದ್ನೀಕಾಯಿ ಬಿಡ್ಸು, ಎಲ್ಲಾ ಹೋಕ್ಕೈತಿ.”

ರೇಷ್ಮೆ ಸೀರೆಗಳೆಲ್ಲ ನಕ್ಕವು. ನಾನೂ ನಕ್ಕೆ. ದೊಡ್ಡವರ ಮಾತಿಗೆ ಅಡ್ಡ ಬರಬಾರದೆಂದು ಸಿಸ್ಟರ್ ಕಲಿಸಿದ್ದನ್ನು ಆ ಹೆಂಗಸಿನ ಮುಂದೆ ಖರ್ಚು ಮಾಡಿದೆ. ಮಗಳನ್ನು ಸೋಫಾದ ಮೇಲೆ ಕೂರಿಸಿ, ಎಲೆ ಒರೆಸಲು ಒಳಗೆ ಹೋದೆ.

ಅಳು ಕೇಳಿ ಬಚ್ಚಲಿಗೆ ಓಡಿದಾಗ ಒಳಗೆಲ್ಲ ಹಬೆ. ಓರಗಿತ್ತಿಯ ಒಂದು ಕೈಯಲ್ಲಿ ಕಡಲೆಹಿಟ್ಟು, ಇನ್ನೊಂದರಲ್ಲಿ ನಾರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಬಳೆಗಳು ಮೊಣಕೈಗೆ ಏರಿದ್ದವು. ಮಗಳ ಮಡಿಕೆಗಳು ಸಿಪ್ಪೆ ಸುಲಿದ ಟೊಮೆಟೊದಂತೆ ಹೊಳೆಯುತ್ತಿದ್ದವು. “ನೋಡು, ಹೆಂಗ ಬೆಳ್ಳಗಾದ್ಲು!” ಎಂದಳು, ಬಹುಮಾನಕ್ಕೆ ಕಾದವಳಂತೆ.

ಮೂರು ತಿಂಗಳ ಕೆಲಸ ಹತ್ತು ನಿಮಿಷದಲ್ಲಿ ಆ ಬಂಗಾರದ ನಲ್ಲಿಯ ಕೆಳಗೆ ಹರಿದುಹೋಗಿತ್ತು.

“ಬಿಡ್ರಿ ಆಕೀನ,” ಎಂದೆ. ಇಷ್ಟು ಗಟ್ಟಿಯಾಗಿ ನಾನು ಮನೆಯಲ್ಲೂ ಮಾತಾಡಿದವಳಲ್ಲ. ತಣ್ಣೀರು ಸುರಿದು, ನನ್ನ ಸೆರಗಿನಲ್ಲಿ ಒತ್ತಿ, ಚೀಲದಲ್ಲಿದ್ದ ಮುಲಾಮನ್ನೆಲ್ಲ ಹಚ್ಚಿದೆ. ಹೊಸ ಫ್ರಾಕು ತೊಡಿಸಲಿಲ್ಲ. ಒಳಗಿನ ಹಳೆಯ ಹತ್ತಿ ಶಿಮ್ಮೀಸಿನಲ್ಲೇ ಎತ್ತಿಕೊಂಡು, ವಿಡಿಯೋದವನ ದೀಪದ ಮುಂದಿನಿಂದಲೇ ನಡೆದು ಹೊಸಪೇಟೆಯ ಬಸ್ಸು ಹಿಡಿದೆ. ಊಟವನ್ನೂ ಮಾಡಲಿಲ್ಲ. ಹಿಂದಿನಿಂದ “ಸೊಕ್ಕು ನೋಡ್ರಿ ಸೊಕ್ಕು” ಎಂದದ್ದು ಕೇಳಿಸಿತು. ಅದಿರಿನ ರಾಶಿಯ ಮೇಲೆ ಮನೆ ಕಟ್ಟಿದವರ ಬಾಯಲ್ಲಿ ಆ ಮಾತು!

ಮತ್ತೆ ಡಾಕ್ಟರು, ಮತ್ತೆ ಮೊದಲಿನಿಂದ. ಚರ್ಮ ತಣ್ಣಗಾಗಲು ಮೂರು ವಾರ ಬೇಕಾಯಿತು.

ಹಬ್ಬಕ್ಕೆ ಓರಗಿತ್ತಿ ನಮ್ಮ ಮನೆಗೆ ಬಂದಳು, ಗೃಹಪ್ರವೇಶದ ಸಿ.ಡಿ. ಹಿಡಿದು. ಏನೂ ನಡೆದೇ ಇಲ್ಲವೆಂಬಂತೆ ಮಗಳ ಕತ್ತಿಗೆ ಬೆರಳು ಚಾಚಿದಳು. ಮಗಳು ಹಿಂದೆ ಸರಿದು, ಪಾಠ ಒಪ್ಪಿಸುವಂತೆ ಹೇಳಿದಳು: “ಮುಟ್ಟಬ್ಯಾಡ ದೊಡ್ಡಮ್ಮ. ನಿನಗ ಬರಂಗಿಲ್ಲ.”

“ಎಷ್ಟ್ ಉದ್ದ ನಾಲಿಗಿ!” ಎಂದು ಓರಗಿತ್ತಿ ನನ್ನ ಕಡೆ ತಿರುಗಿದಳು. ಮಗಳಿಂದ ಕ್ಷಮೆ ಕೇಳಿಸಲಿ ಎಂದು ಕಾದಳು. ನಾನು ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದೆ.

ಆ ಸಿ.ಡಿ. ಈಗಲೂ ನಮ್ಮ ಬಚ್ಚಲ ಗೂಡಿನಲ್ಲಿದೆ. ಮುಲಾಮಿನ ಡಬ್ಬಿ ಸುತ್ತಲೂ ಜಿಡ್ಡು ಮಾಡುತ್ತದೆ, ಅದರ ಕೆಳಗಿಡಲು ಸಿ.ಡಿ.ಯ ಅಳತೆ ಸರಿಯಾಗಿದೆ.