ಊರ್ಮಿಳಾ ಮೇಡಂ ಅಳೆದ ಫಿರಂಗಿ

ಎರಡೂ ಮಹಾಯುದ್ಧಗಳ ಜರ್ಮನ್ ಭಾರಿ ಫಿರಂಗಿಗಳ ಉಕ್ಕನ್ನು ಕೈಯಿಂದ ಸವರಿಯೇ ಅವುಗಳ ಜಾತಕ ಹೇಳಬಲ್ಲವರು ನೆದರ್‌ಲ್ಯಾಂಡ್ಸ್‌ನಲ್ಲಿ ಬೆರಳೆಣಿಕೆಯಷ್ಟು ಮಂದಿ. ಆ ಸಾಲಿನಲ್ಲಿ ಭದ್ರಾವತಿಯ ಊರ್ಮಿಳಾ ಅವರದು ಮೊದಲ ಹೆಸರು. ಐಂಡ್‌ಹೋವನ್ ಬಳಿಯ ಯುದ್ಧ ವಸ್ತುಸಂಗ್ರಹಾಲಯದಲ್ಲಿ ಇಪ್ಪತ್ತಾರು ವರ್ಷ ಲೋಹ ಸಂರಕ್ಷಣೆಯ ಕೆಲಸ ಮಾಡಿದ ಅವರೀಗ ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನ ಗ್ರಂಥಕ್ಕೆ ಇದನ್ನು ಬರೆಯುತ್ತಿರುವವನು ಕಿರಿಯ ಸಹೋದ್ಯೋಗಿ ಅಹ್ಸಾನ್. ತನ್ನನ್ನು ತಾನು 'ಅವನು' ಎಂದುಕೊಂಡರೆ ನಿಜ ಹೇಳುವುದು ಸ್ವಲ್ಪ ಸುಲಭ.

ಡೆಲ್ಫ್ಟ್‌ನಲ್ಲಿ ಓದು ಮುಗಿಸಿ ಬಂದ ಅಹ್ಸಾನನಿಗೆ ಕೆಲಸ ಕಲಿಸಿದವರು ಅವರೇ. ಹಾರಿದ ಪ್ರತಿ ಗುಂಡೂ ನಳಿಗೆಯ ಒಳಮೈಯನ್ನು ಒಂದಿಷ್ಟು ಸವೆಸುತ್ತದೆ, ಮೊದಲ ಯುದ್ಧದಲ್ಲಿ ಪ್ಯಾರಿಸ್ಸಿಗೆ ಗುರಿಯಿಟ್ಟ ಫಿರಂಗಿಗೆ ಈ ಕಾರಣಕ್ಕೇ ಒಂದಕ್ಕಿಂತ ಒಂದು ದಪ್ಪನೆಯ ಗುಂಡುಗಳನ್ನು ಸಂಖ್ಯೆ ಹಾಕಿ ಕ್ರಮವಾಗಿ ತುಂಬುತ್ತಿದ್ದರು ಎಂದೆಲ್ಲ ವಿವರಿಸಿ, ಸವೆತ ಅಳೆದರೆ ಫಿರಂಗಿ ಎಷ್ಟು ಪಾಪ ಮಾಡಿದೆಯೆಂದು ತಿಳಿಯುತ್ತದೆ ಎನ್ನುತ್ತಿದ್ದರು.

ಸಂಗ್ರಹಾಲಯದ ಅಂಗಳದಲ್ಲಿ ಇಪ್ಪತ್ತೊಂದು ಸೆಂಟಿಮೀಟರ್ ಬಾಯಿಯ ಫಿರಂಗಿಯೊಂದಿದೆ. ೧೯೪೪ರಲ್ಲಿ ಪಕ್ಕದ ಹಳ್ಳಿಯನ್ನು ನೆಲಸಮ ಮಾಡಿದ್ದು ಇದೇ ಎಂದು ಫಲಕ ಹೇಳುತ್ತದೆ. ಸತ್ತವರ ಮನೆಯವರು ಪ್ರತಿ ವರ್ಷ ಬಂದು ಅದರ ಮುಂದೆ ನಿಂತು ಅಳುತ್ತಾರೆ. ಒಂಬತ್ತು ವರ್ಷದ ಹಿಂದೆ ತುಕ್ಕು ತೆಗೆಯುವಾಗ ಊರ್ಮಿಳಾ ಅದರ ನಳಿಗೆಯನ್ನು ಅಳೆದರು, ಅಹ್ಸಾನ್ ಅಂಕಿಗಳನ್ನು ಬರೆದುಕೊಂಡ. ಸವೆತವೇ ಇರಲಿಲ್ಲ.

"ನಳಿಗೆ ಚೇಂಜ್ ಮಾಡಿರ್ಬೋದಲ್ವಾ ಮೇಡಂ?"

"ಇಲ್ಲ ಕಣೋ, ನಳಿಗೆ ಮೇಲೂ ಗಾಡಿ ಮೇಲೂ ಒಂದೇ ನಂಬರ್ ಇದೆ. ಇದು ಟೆಸ್ಟ್ ಬಿಟ್ರೆ ಒಂದ್ ಗುಂಡೂ ಹಾರಿಸಿಲ್ಲ. ಪಾಪ, ಆ ಜನ ಯಾವ್ದೋ ಕಬ್ಬಿಣದ ಮುಂದೆ ಅಳ್ತಿದಾರೆ. ಬೋರ್ಡ್ ತೆಗೀಲೇಬೇಕು."

ಅವರ ವರದಿ ಓದಿದ, ಫಲಕ ತೆಗೆಯಲು ಮನಸ್ಸಿಲ್ಲದ ನಿರ್ದೇಶಕರು ಅಹ್ಸಾನನನ್ನು ಕರೆಸಿ, ಅಳತೆಯನ್ನು ನೀವೂ ನೋಡಿದಿರಾ ಎಂದು ಕೇಳಿದರು. ಅವನ ಕೆಲಸದ ಒಪ್ಪಂದ ಮುಗಿಯಲು ಇನ್ನು ಆರೇ ವಾರವಿತ್ತು, ಕೆಲಸ ಹೋದರೆ ಈ ದೇಶದಲ್ಲಿ ಉಳಿಯುವ ಪರವಾನಗಿಯೂ ಹೋಗುತ್ತಿತ್ತು, ಹೆಂಡತಿಗೆ ತುಂಬು ತಿಂಗಳು. ದೀಪವನ್ನಷ್ಟೇ ಹಿಡಿದಿದ್ದೆ, ಅಂಕಿ ಗೊತ್ತಿಲ್ಲ ಎಂದುಬಿಟ್ಟ. ವರದಿ ಮೂಲೆ ಸೇರಿತು. ಊರ್ಮಿಳಾ ಅವರನ್ನು ಉಗ್ರಾಣದಲ್ಲಿ ಹೆಲ್ಮೆಟ್ಟು, ಬಕಲ್ಲು ಉಜ್ಜಲು ಕೂರಿಸಿ, ಅವರ ಜಾಗವನ್ನು ಅಹ್ಸಾನನಿಗೆ ಕೊಟ್ಟರು. ಅವನ ಮಗಳು ಅಮ್ನಾ ಹುಟ್ಟಿದಾಗ ಊರ್ಮಿಳಾ ಎದುರುಗಾಳಿಯಲ್ಲಿ ಸೈಕಲ್ ತುಳಿದು ಬಂದು ಬಾಣಂತಿಗೆ ಅಂಟಿನುಂಡೆ ಕೊಟ್ಟು ಹೋದರು. ಆ ವಿಷಯವನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ನಾಲ್ಕು ಮಾತು ಬೈದಿದ್ದರೆ ಈ ಒಂಬತ್ತು ವರ್ಷ ತಿಂದ ಅನ್ನ ಇವನ ಮೈಗೆ ಹತ್ತುತ್ತಿತ್ತು.

ಈ ಗ್ರಂಥಕ್ಕೆ ಅವರವರ ತಾಯ್ನುಡಿಯಲ್ಲೇ ಬರೆಯಬಹುದೆಂದು ನಿರ್ದೇಶಕರು ಔದಾರ್ಯ ತೋರಿದ್ದಾರೆ. ಸಂಪಾದಕ ಮಂಡಳಿಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ. ಆ ಧೈರ್ಯದ ಮೇಲೆ ಇಲ್ಲಿ ಬರೆದಿಡುತ್ತಿದ್ದಾನೆ: ಅಹ್ಸಾನ್ ಅಂಕಿಗಳನ್ನು ನೋಡಿದ್ದ, ಊರ್ಮಿಳಾ ಹೇಳಿದ್ದೆಲ್ಲ ನಿಜ. ಮುಂದಿನ ತಿಂಗಳು ಹಳ್ಳಿಯವರು ಬರುತ್ತಾರೆ. ಫಲಕದ ಪಕ್ಕ ನಿಂತು ಅವರಿಗೆ ಸುಳ್ಳು ವಿವರಿಸುವವನೂ ಇವನೇ. ಊರ್ಮಿಳಾ ಮೇಡಂ ಅವರಿಗೆ ಆರೋಗ್ಯವಿರಲಿ, ಅವರ ಸಂಶೋಧನೆ ನಿಲ್ಲದೆ ಸಾಗಲಿ. ಈ ಫಿರಂಗಿಯ ನಿಜವನ್ನು ಅಹ್ಸಾನ್ ಡಚ್ಚಿನಲ್ಲಿ ಹೇಳುವ ದಿನವನ್ನು ಅವರು ಕಣ್ಣಾರೆ ಕಾಣಲಿ. ಅದಕ್ಕಾಗಿ ಅವರು ಬಹಳ ವರ್ಷ ಬದುಕಬೇಕಾಗುತ್ತದೆ.