ಬೆರಳಲ್ಲಿ ತುಂಡಾಗುವ ಸ್ವರ

ಕೊಲ್ಲಿ ದೇಶದ ಫಿಂಟಾಸಿನ ಕಡಲ ದಂಡೆಯಲ್ಲಿ ಸಂಜೆ ಮದುವೆಗೆ ನುಡಿಸುವ ತಂಡವೊಂದು ತಾಲೀಮು ನಡೆಸಿತ್ತು. ಮುದುಕರೊಬ್ಬರು ಆಡಿನ ಚರ್ಮದ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಹಬ್ಬಾನ್ ಊದುತ್ತಿದ್ದರು. ಇಲ್ಲಿನವರ ಬ್ಯಾಗ್‌ಪೈಪ್ ಅದು. ನನ್ನನ್ನು ಕರೆತಂದ ವಿಶ್ವಣ್ಣ ಇಲ್ಲಿನ ನಗರದ ಶರ್ಕ್ ಬಡಾವಣೆಯಲ್ಲಿ ಬ್ಯಾಂಕ್ ನೌಕರ. ಹುಟ್ಟಿದ್ದು ಮಾತ್ರ ಉಡುಪಿ ಕಡೆಯ ವಾಲಗದ ಮನೆಯಲ್ಲಿ. ಆ ಮಾತನ್ನು, ನಮ್ಮ ಜೊತೆ ಬಂದಿದ್ದ ಅವರ ಹೆಂಡತಿ ಸುಮತಿಯಕ್ಕ, ಜನ ಕೀಳಾಗಿ ಕಂಡಾರೆಂದು ಇಲ್ಲಿ ಯಾರೆದುರೂ ಎತ್ತುವುದಿಲ್ಲ. ಹಾಗೆ ಮುಚ್ಚಿಡುವುದು ನನಗೆ ಸೇರುವುದಿಲ್ಲ.

ವಿಶ್ವಣ್ಣ ವಾದ್ಯವನ್ನು ಕೇಳಿ ಪಡೆದು ಊದಿಯೇಬಿಟ್ಟರು. ನಾಗಸ್ವರದವರ ಅಭ್ಯಾಸ, ಒಂದೇ ಸ್ವರವನ್ನು ಎರಡು ಸಲ ನುಡಿಸಲು ನಾಲಗೆಯಿಂದ ತಡೆದರು. ಸ್ವರ ತುಂಡಾಗಲೇ ಇಲ್ಲ; ಚೀಲದ ಗಾಳಿ ನಾಲಗೆಯ ಮಾತು ಕೇಳುವುದಿಲ್ಲವಲ್ಲ.

ಮುದುಕರು ನಕ್ಕರು. "ಜಬಾನ್ ನಹೀ ಭಾಯಿ, ಉಂಗ್ಲಿ!" ನಾಲಗೆಯಲ್ಲ, ಬೆರಳು ಎಂದು ತಮಗೆ ಬಂದಷ್ಟು ಹಿಂದಿಯಲ್ಲಿ ಹೇಳಿ, ತಾವೇ ನುಡಿಸಿ ತೋರಿಸಿದರು. ಜೋಡಿ ಕೊಳವೆಯ ಮೇಲೆ ಒಂದು ಬೆರಳು ಚಿಟಿಕೆ ಹೊಡೆಯುವಷ್ಟರಲ್ಲಿ ಎದ್ದು ಮತ್ತೆ ತೂತಿನ ಮೇಲೆ ಕೂತಿತು. ನಡುವೆ ಬೇರೊಂದು ಸ್ವರ ಮಿಂಚಿ, ಉದ್ದದ ಸ್ವರ ಎರಡಾಯಿತು. ನಾನು ಬರೀ ಅಲಂಕಾರವೆಂದುಕೊಂಡಿದ್ದ ಆ ಮಿಡಿತವಿಲ್ಲದಿದ್ದರೆ ಅಲ್ಲಿ ಹಾಡೇ ಇಲ್ಲ!

ವಿಶ್ವಣ್ಣ ಮತ್ತೆ ಚೀಲ ಹಿಡಿದರು. ಈ ಸಲ ಬೆರಳು ಮಿಡಿಯಿತು. ಆಮೇಲೆ ಅದೇ ಬೆರಳು ತೂತಿನ ಮೇಲೆ ಮೆಲ್ಲಗೆ ಜಾರಿ, ಮನೆಯಲ್ಲಿ ಕಲಿತ ಗಮಕವನ್ನೂ ಸೇರಿಸಿತು. ಮುದುಕರು ವಾದ್ಯವನ್ನು ವಾಪಸು ಕೇಳಲಿಲ್ಲ, ಡೋಲಿನವರತ್ತ ತಿರುಗಿ, ಶುರುಮಾಡಿ ಎಂಬಂತೆ "ಯಲ್ಲಾ!" ಎಂದರು.

ಡೋಲಿನ ಸದ್ದು ಏರುತ್ತಿದ್ದಂತೆ ಸುಮತಿಯಕ್ಕ ಪಕ್ಕದಲ್ಲಿ ನಿಂತಿದ್ದ ಮಂಗಳೂರಿನ ಬ್ಯಾರಿ ಹೆಂಗಸಿನ ಕೈ ಹಿಡಿದೆಳೆದರು.

"ನೋಡಿ, ಅದು ನಮ್ಮವರು. ವಾಲಗದ ಮನೆಯವರು, ಗೊತ್ತುಂಟಾ?"