ಬಾಗಿಲು ತೆಗೆದ ಡ್ರೈವರ್

ಬೇರೆಯವರು ಓಡಿಸುವ ಬಸ್ಸಿನಲ್ಲಿ ಎವಾರಿಸ್ತೊ ಕೂರುವುದಿಲ್ಲ ಎಂಬುದು ತೋತಾ ಸರೋವರದ ದಂಡೆಯ ಊರಿಗೆಲ್ಲ ಗೊತ್ತಿದ್ದ ಮಾತು. ಸಂತೆಗೆ ಸೈಕಲ್ಲು, ಚರ್ಚಿಗೆ ಕಾಲ್ನಡಿಗೆ. ಸೊಗಮೋಸೊ ಪಟ್ಟಣದಲ್ಲಿ ಸೋದರತ್ತೆ ತೀರಿಕೊಂಡಾಗ ನಸುಕಿಗೇ ಎದ್ದು ಬೆಟ್ಟ ಇಳಿದು ನಡೆದೇ ಹೋದ. ಅವನು ತಲುಪುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು.

ಹಾಗಂತ ಬಸ್ಸು ಕಾಣದವನಲ್ಲ. ಮೀಸೆ ಚಿಗುರಿದ ಕಾಲದಿಂದ ಐವತ್ತು ದಾಟುವವರೆಗೂ ಸೊಗಮೋಸೊದಿಂದ ಪೂರ್ವದ ಬಯಲಿಗೆ ಇಳಿಯುವ ಮಂಜಿನ ದಾರಿಯಲ್ಲಿ ಬಸ್ಸು ಓಡಿಸಿದವನು. ಆ ದಾರಿಯ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ಒಂದು ಬೆಳಗ್ಗೆ ಇಳಿಜಾರಿನ ನಡುವೆ ಬ್ರೇಕು ಕೈಕೊಟ್ಟಿತು. ಎವಾರಿಸ್ತೊ ಬಸ್ಸನ್ನು ಗುಡ್ಡದ ಕಡೆಗೆ ಎಳೆದು, ಮಣ್ಣಿಗೆ ಉಜ್ಜುತ್ತ ಉಜ್ಜುತ್ತ, ತಿರುವಿಗೆ ಸ್ವಲ್ಪ ಮೊದಲು ನಿಲ್ಲಿಸಿದ. ಪತ್ರಿಕೆಯಲ್ಲಿ ಅವನ ಫೋಟೊ ಬಂತು. ಪಾದ್ರಿ ಭಾನುವಾರದ ಪೂಜೆಯಲ್ಲಿ ಅವನ ಹೆಸರೆತ್ತಿ ಹೊಗಳಿದರು. ಸತ್ತದ್ದು ಒಬ್ಬಳೇ, ಯಾನೆತ್ ಎಂಬ ಹುಡುಗಿ. ಹೆದರಿ ಹಾರಿದಳಂತೆ, ಪಾಪ, ಎಂದರು ಜನ.

ಚಲಿಸುವ ಬಸ್ಸಿನ ಬಾಗಿಲು ತಾನಾಗಿ ತೆರೆಯುವುದಿಲ್ಲ ಎಂದು ಯಾರೂ ಯೋಚಿಸಲಿಲ್ಲ. ಅದರ ಹಿಡಿ ಇರುವುದು ಚಾಲಕನ ಕೈಯ ಪಕ್ಕದಲ್ಲಿ. ಆ ಹುಡುಗಿ ಓಡಿ ಬಂದು ಅವನ ಹೆಗಲು ಹಿಡಿದು "ತೆಗೀರಿ ಅಂಕಲ್, ತೆಗೀರಿ, ನಿಮ್ಮ ದಮ್ಮಯ್ಯ" ಎಂದು ಕಿರುಚಿದ್ದಳು. ಅವನು ತೆಗೆದಿದ್ದ. ಹಾರಿದವಳು ಹಿಂಚಕ್ರದ ಕೆಳಗೆ ಬಿದ್ದಳು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಮರುದಿನ ಬಸ್ಸಿನ ಕೀಲಿ ಮಾಲೀಕನ ಮೇಜಿನ ಮೇಲಿಟ್ಟು ಬಂದವನು ಅಪ್ಪನ ಈರುಳ್ಳಿ ಹೊಲಕ್ಕಿಳಿದ.

ಅಂಥವನನ್ನು ದೂರದ ಕಡಲತೀರದ ಕಾರ್ತಹೇನಾಕ್ಕೆ ಹೊರಡಿಸಿದವಳು ಅಕ್ಕ ಓತಿಲಿಯಾ. ಅಮ್ಮ ಸತ್ತ ಮೇಲೆ ತಮ್ಮನನ್ನೂ ತಂಗಿಯನ್ನೂ ಸಾಕಿದವಳು ಅವಳೇ. ಗಿಣ್ಣಿನ ಬನ್ನು ಸುಟ್ಟು ಮಾರಿ ಇಬ್ಬರನ್ನೂ ದಡ ಮುಟ್ಟಿಸಿ, ತಾನು ಮದುವೆಯ ಮಾತೇ ಎತ್ತದೆ ಉಳಿದವಳು. ಇಷ್ಟು ವರ್ಷವಾದರೂ ಸಮುದ್ರ ಕಂಡಿರಲಿಲ್ಲ.

"ನೀವಿಬ್ರೂ ಜೊತೇಲಿ ಬರೋದಾದ್ರೆ ಸಮುದ್ರ ನೋಡ್ತೀನಿ. ಇಲ್ಲಾಂದ್ರೆ ಬೇಡವೇ ಬೇಡ" ಎಂದಳು.

ಕಿರಿಯವಳು ನುಬಿಯಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಬಾಯಿ ಜೋರು. "ಅಣ್ಣ ನಡ್ಕೊಂಡೇ ಬರ್ತಾನೆ ಬಿಡಕ್ಕ. ಈಗ ಹೊರಟ್ರೆ ಕ್ರಿಸ್‌ಮಸ್‌ಗೆ ತಲುಪ್ತಾನೆ."

ಅಕ್ಕನ ಮುಖ ನೋಡಿ ಎವಾರಿಸ್ತೊ ಹೂಂ ಎಂದ. ಕಾರ್ತಹೇನಾದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಚಾಲಕನ ಹಿಂದಿನ ಸೀಟಿನಲ್ಲಿ ರೆಪ್ಪೆ ಮುಚ್ಚದೆ ಕೂತ. ಪ್ರತಿ ತಿರುವಿಗೂ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು.

"ಕಾಲೆತ್ತಣ್ಣ, ಬಸ್ಸು ತೂತು ಬೀಳುತ್ತೆ" ಎಂದು ನುಬಿಯಾ ಛೇಡಿಸಿದಳು. ಅವನು ನಗಲಿಲ್ಲ.

ಕಾರ್ತಹೇನಾದ ಬಿಸಿಲು ಬೆಟ್ಟದವರನ್ನು ಬೇಯಿಸಿ ಹಾಕಿತು. ಕೋಟೆಗೋಡೆಯೊಳಗಿನ ಬೀದಿಗಳಲ್ಲಿ ಮರದ ಬಾಲ್ಕನಿಗಳ ನೆರಳು ಹುಡುಕಿಕೊಂಡು ಮೂವರೂ ನಡೆದರು. ನುಬಿಯಾ ಕಂಡ ಕಂಡ ಬಾಗಿಲು ತಟ್ಟುವ ಹಿತ್ತಾಳೆ ಬಳೆಯ ಮುಂದೆಲ್ಲ ಫೋಟೊ ತೆಗೆಸಿಕೊಂಡಳು. ಚರ್ಚು ಸಿಕ್ಕಲ್ಲೆಲ್ಲ ಒಳಗೆ ಹೋಗಿ ಮಂಡಿಯೂರುತ್ತಿದ್ದ ಓತಿಲಿಯಾ ತಣ್ಣಗಿನ ಕಲ್ಲಿನಿಂದ ಏಳಲು ಮನಸ್ಸಿಲ್ಲದೆ ಎರಡೆರಡು ಸಲ ಜಪ ಮಾಡಿದಳು. ನಡೆದೇ ನೋಡುವ ಊರು ಎಂದು ಎವಾರಿಸ್ತೊ ಒಳಗೊಳಗೇ ಸಮಾಧಾನಪಟ್ಟ. ಆದರೆ ಮರುದಿನ ನುಬಿಯಾ ಬೊಕಾಚಿಕಾ ಕೋಟೆಗೆ ದೋಣಿ ಗೊತ್ತು ಮಾಡಿ ಬಂದಿದ್ದಳು. ದೊಡ್ಡ ಹಡಗುಗಳು ಕೊಲ್ಲಿಯೊಳಗೆ ಬರುವ ಕಿರಿದಾದ ಕಡಲಬಾಯಿಯ ಪಕ್ಕದಲ್ಲಿದೆ ಆ ಕೋಟೆ.

"ನಾನು ದಡದಲ್ಲೇ ಕೂತಿರ್ತೀನಿ" ಎಂದ ಎವಾರಿಸ್ತೊ.

"ಅಕ್ಕನ ಒಂದು ಆಸೆಗೆ ಅಷ್ಟೂ ಮಾಡಕ್ಕಾಗಲ್ವಾ ನಿಂಗೆ?" ಎಂದಳು ನುಬಿಯಾ. ಈ ಬಾರಿ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಎಲ್ಲಾರೂ ನಿನ್ನ ಭಯಕ್ಕೆ ತಕ್ಕ ಹಾಗೆ ಬದುಕ್ಬೇಕಾ? ಅತ್ತೆ ಮಣ್ಣಿಗೂ ಹೊತ್ತಿಗೆ ಸರಿಯಾಗಿ ಬರ್ಲಿಲ್ಲ ನೀನು."

ಅವನು ದೋಣಿ ಹತ್ತಿದ.

ದೋಣಿಯವನ ಹೆಸರು ಯೈರ್. ಬೆಳ್ಳಿ ಸರ ಹಾಕಿದ, ಮಾತಿಗೆ ಮಾತು ಪೋಣಿಸುವ ಕರಾವಳಿಯವನು. "ಹೆದರ್ಬೇಡಿ ಬೆಟ್ಟದೋರೇ, ಈ ನೀರು ನಮ್ಮಜ್ಜಿ ಸೊಂಟಕ್ಕೂ ಬರಲ್ಲ" ಎನ್ನುತ್ತ ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿದ. ಹೋಗುವಾಗ ಕೊಲ್ಲಿ ಎಣ್ಣೆ ಸವರಿದಂತೆ ನುಣ್ಣಗಿತ್ತು. ಕೋಟೆಯ ಕತ್ತಲೆ ಕೋಣೆಗಳನ್ನು ನೋಡಿಯಾದ ಮೇಲೆ ಓತಿಲಿಯಾ ಚಪ್ಪಲಿ ಕಳಚಿ ಅಲೆಗೆ ಕಾಲಿಟ್ಟಳು. ನೀರನ್ನು ಬೊಗಸೆಯಲ್ಲೆತ್ತಿ ನಾಲಿಗೆಗೆ ತಾಗಿಸಿ ಮುಖ ಕಿವುಚಿ ನಕ್ಕಳು. ಎವಾರಿಸ್ತೊಗೆ ಬಂದದ್ದು ಒಳ್ಳೆಯದಾಯಿತು ಅನ್ನಿಸಿತು.

ವಾಪಸು ಹೊರಟಾಗ ಗಾಳಿ ಎದ್ದಿತ್ತು. ಕಡಲಬಾಯಿಯ ನಟ್ಟನಡುವೆ ಎಂಜಿನ್ನು ಒಮ್ಮೆ ಕೆಮ್ಮಿ ನಿಂತಿತು.

ಯೈರ್ ಎಂಜಿನ್ನು ಚಾಲೂ ಮಾಡುವ ಹಗ್ಗ ಎಳೆದ. ಮತ್ತೆ ಎಳೆದ. "ಈಗ್ಲೇ ಆಯ್ತು, ಈಗ್ಲೇ" ಎಂದ. ಅವನ ಹರಟೆ ನಿಂತುಹೋದದ್ದನ್ನು ಎವಾರಿಸ್ತೊ ಮೊದಲು ಗಮನಿಸಿದ. ಆಮೇಲೆ ಅವನು ಯಾವ ಕಡೆ ತಿರುತಿರುಗಿ ನೋಡುತ್ತಿದ್ದಾನೆ ಎಂಬುದನ್ನು ನೋಡಿದ. ಹೊರಗಡಲಿನಿಂದ ಒಂದು ಸರಕಿನ ಹಡಗು ಕಡಲಬಾಯಿಗೆ ನೇರವಾಗಿ ಬರುತ್ತಿತ್ತು. ಮನೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅದರ ಮೇಲೆ ಕಬ್ಬಿಣದ ಪೆಟ್ಟಿಗೆಗಳು.

"ಅದು ತಿರುಗ್ಸಲ್ವಾ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಅವಳ ಗಂಡ ಮಡಿಲಿನ ಮಗುವನ್ನು ಎದೆಗೆ ಅವುಚಿಕೊಂಡ.

"ಇಷ್ಟು ಇಕ್ಕಟ್ಟಲ್ಲಿ ಎಲ್ಲಿಗ್ ತಿರುಗ್ಸತ್ತೆ?" ಎಂದ ಯೈರ್ ಹಗ್ಗ ಎಳೆಯುತ್ತಲೇ.

ಹಡಗು ಕೂಗಿತು. ಆ ಕೂಗು ಕಿವಿಗಿಂತ ಹೆಚ್ಚಾಗಿ ಎದೆಗೂಡಿಗೆ ಬಡಿಯಿತು. ಎಲ್ಲರೂ ಒಟ್ಟಿಗೆ ಎದ್ದರು. ಹಡಗು ಬರುವ ಕಡೆಯಿಂದ ದೂರ ಹೋಗುವವರಂತೆ ದೋಣಿಯ ಇನ್ನೊಂದು ಅಂಚಿಗೆ ಮುಗಿಬಿದ್ದರು. ದೋಣಿ ವಾಲಿತು. ಅಂಚು ದಾಟಿ ನೀರು ಒಳಗೆ ಸುರಿಯಿತು. ಓತಿಲಿಯಾ ಚೀಲವನ್ನು ಎದೆಗೊತ್ತಿಕೊಂಡು ಚಿಕಿಂಕಿರಾದ ದೇವಮಾತೆಯನ್ನು ಕೂಗಿ ಕರೆದಳು.

"ಕೂತ್ಕೊಳ್ಳಿ!" ಎಂದ ಎವಾರಿಸ್ತೊ.

ಮಂಜಿನಲ್ಲಿ ಬಸ್ಸಿನ ಕೊನೆಯ ಸೀಟಿನವರೆಗೂ ಮುಟ್ಟುತ್ತಿದ್ದ ದನಿ ಅದು. ಅದು ತನ್ನೊಳಗೆ ಇನ್ನೂ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. "ಅವರವರ ಜಾಗಕ್ಕೆ ಹೋಗಿ, ನೆಲದ ಮೇಲೆ ಕೂತ್ಕೊಳ್ಳಿ! ಏಳ್ಬೇಡಿ! ನೀವು, ಮಗು ಇರೋರು, ನಡುವೆ ಬನ್ನಿ!" ಜನ ಕೂತರು. ದೋಣಿ ತೂರಾಡಿ ನೆಟ್ಟಗಾಯಿತು. ಯೈರ್ ಎಂಜಿನ್ನು ಬಿಟ್ಟು, ಇದ್ದ ಒಂದೇ ಹುಟ್ಟನ್ನು ಹಿಡಿದು ದೋಣಿ ನಡೆಸತೊಡಗಿದ.

ಕೂರದವಳು ನುಬಿಯಾ ಒಬ್ಬಳೇ. ಅವಳ ಒಂದು ಕಾಲು ಆಗಲೇ ಅಂಚಿನ ಆಚೆಗಿತ್ತು. ಎವಾರಿಸ್ತೊ ಹಾರಿ ಅವಳ ಜಾಕೆಟ್ಟಿನ ಬೆನ್ನಪಟ್ಟಿ ಹಿಡಿದ.

"ಬಿಡಣ್ಣ! ನಂಗೆ ಈಜಕ್ ಬರುತ್ತೆ, ಬಿಡು!"

"ಕೂತ್ಕೋ ನುಬಿಯಾ."

"ಅದು ನಮ್ಮ ಮೇಲೇ ಬರ್ತಿದೆ, ಕಾಣಲ್ವಾ? ಬಿಡೋ! ನನ್ನ ಸಾಯಿಸ್ತೀಯಾ? ಬಿಡು, ನಿನ್ನ ದಮ್ಮಯ್ಯ!"

ಆ ಮಾತಿಗೆ ಅವನ ಬೆರಳುಗಳು ಒಂದು ಕ್ಷಣ ಸಡಿಲವಾದವು. ಅವಳು ಹೇಳುವುದೇ ಸರಿಯಿರಬಹುದು. ಹಡಗು ಬಡಿದರೆ ದೋಣಿಯಲ್ಲಿದ್ದವರು ಯಾರೂ ಉಳಿಯುವುದಿಲ್ಲ, ಹಾರಿದವಳು ಉಳಿಯಬಹುದು. ಹಡಗು ಪಕ್ಕದಲ್ಲಿ ಹಾದರೆ ನೀರಿನಲ್ಲಿದ್ದವಳನ್ನು ಅದರ ತಳದಲ್ಲಿ ತಿರುಗುವ ಚಕ್ರ ಎಳೆದುಕೊಳ್ಳಬಹುದು. ಎರಡರಲ್ಲಿ ಯಾವುದು ಎಂದು ಅವನಿಗೆ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ. ಅವನು ಪಟ್ಟಿಯನ್ನು ಮುಂಗೈಗೆ ಸುತ್ತಿ, ತಂಗಿಯನ್ನು ದೋಣಿಯ ತಳಕ್ಕೆ ಎಳೆದು ಕೆಡವಿ, ಮೇಲೆ ತನ್ನ ಭಾರ ಹಾಕಿದ. ಅವಳು ಅವನ ಮಣಿಕಟ್ಟನ್ನು ಕಚ್ಚಿದಳು. ರಕ್ತ ಬಂತು. ಅವನು ಬಿಡಲಿಲ್ಲ. ಹಡಗು ನಮಗೆ ಬಡಿದರೆ ಇವಳನ್ನು ನನ್ನ ಕೈಯಾರೆ ಕೊಂದ ಹಾಗೆ, ಎಂದು ಅವನಿಗೆ ಸ್ಪಷ್ಟವಾಗಿ ಅನ್ನಿಸಿತು. ಕಣ್ಣು ಮುಚ್ಚದೆ ಹಡಗನ್ನೇ ನೋಡಿದ.

ಬಿಸಿಲು ಹೋಗಿ ನೆರಳು ಬಂತು. ಕರಿ ಗೋಡೆಯೊಂದು ಆಕಾಶವನ್ನು ಮುಚ್ಚಿಕೊಂಡು ಪಕ್ಕದಲ್ಲಿ ಸರಿಯತೊಡಗಿತು. ಅದರ ಕೆಳಗಿನ ಕೆಂಪು ಬಣ್ಣ, ಬಣ್ಣ ಕಿತ್ತುಹೋದಲ್ಲಿ ಅಂಟಿದ ಚಿಪ್ಪುಗಳು, ತುಕ್ಕಿನ ಗೆರೆ, ಎಲ್ಲವೂ ಕಾಣುವಷ್ಟು ಹತ್ತಿರ. ಗಾಳಿ ಮತ್ತು ಯೈರ್‌ನ ಹುಟ್ಟು ಸೇರಿ ದೋಣಿಯನ್ನು ಅಷ್ಟು ದೂರ ಸರಿಸಿದ್ದವು, ಅಷ್ಟೇ. ಗೋಡೆ ಮುಗಿಯುವುದೇ ಇಲ್ಲವೇನೋ ಎಂಬಂತೆ ಹೋಗುತ್ತಿತ್ತು. ಕೊನೆಗೆ ಹಡಗಿನ ಹಿಂಭಾಗ ಬಂತು. ಅಲ್ಲಿ ನೀರು ಕುದಿಯುವ ಎಸರಿನಂತೆ ಬಿಳಿಯಾಗಿ ಕೊತಕೊತ ಎನ್ನುತ್ತಿತ್ತು.

ಆಮೇಲೆ ಅಲೆ ಬಂತು. ದೋಣಿ ಮೂಗೆತ್ತಿ ನಿಂತು ಧೊಪ್ಪೆಂದು ಬಿತ್ತು. ಎರಡನೆಯ ಅಲೆ ಒಳಗೇ ನುಗ್ಗಿತು. "ಏಳ್ಬೇಡಿ, ಯಾರೂ ಏಳ್ಬೇಡಿ" ಎಂದು ಎವಾರಿಸ್ತೊ ಬಾಯಿಗೆ ನುಗ್ಗಿದ ಉಪ್ಪುನೀರು ಉಗುಳುತ್ತ ಹೇಳುತ್ತಲೇ ಇದ್ದ. ತಳದಲ್ಲಿ ಕೂತ ಜನರ ಭಾರಕ್ಕೆ ದೋಣಿ ಮಗುಚಲಿಲ್ಲ. ಮಂಡಿಯವರೆಗೆ ನೀರು ತುಂಬಿಕೊಂಡು ಅಲ್ಲಾಡುತ್ತ ನಿಂತಿತು. ಟೋಪಿಗಳಲ್ಲಿ, ಓತಿಲಿಯಾಳ ಬನ್ನಿನ ಡಬ್ಬಿಯಲ್ಲಿ, ಬರಿಗೈಯಲ್ಲಿ ನೀರು ಎತ್ತಿ ಹಾಕಿದರು. ಹಡಗಿಗೆ ದಾರಿ ತೋರಿಸುವ ಸಣ್ಣ ಯಂತ್ರದೋಣಿಯೊಂದು ಬಂದು ಹಗ್ಗ ಎಸೆಯಿತು.

ದಡಕ್ಕೆ ಕಾಲಿಟ್ಟದ್ದೇ ನುಬಿಯಾ ಅಣ್ಣನ ಕೆನ್ನೆಗೆ ಹೊಡೆದಳು.

"ನೀನ್ಯಾರು ನನ್ನ ಹಿಡ್ಕೊಳ್ಳಕ್ಕೆ? ಅದು ಬಡಿದಿದ್ರೆ? ಹೇಳು, ಬಡಿದಿದ್ರೆ?"

"ಬಡಿದಿದ್ರೆ ನೀನು ಸಾಯ್ತಿದ್ದೆ" ಎಂದ ಅವನು. "ನನ್ನಿಂದ."

ನುಬಿಯಾ ಒಬ್ಬಳೇ ಮುಂದೆ ನಡೆದುಬಿಟ್ಟಳು.

ಸಂಜೆ ಅಕ್ಕ ತಮ್ಮ ಕೋಟೆಗೋಡೆಯ ಮೇಲೆ ಕೂತರು. ಅವನ ಮಣಿಕಟ್ಟಿಗೆ ತಲೆವಸ್ತ್ರ ಹರಿದು ಕಟ್ಟುತ್ತ ಓತಿಲಿಯಾ ತಂಗಿಯನ್ನು ಬಯ್ಯುತ್ತಿದ್ದಳು. ಪ್ರಾಣ ಉಳಿಸಿದವನಿಗೆ ಹೀಗಾ ಮಾಡೋದು, ಅಂದು ಬಸ್ಸಿನಲ್ಲಿ ಅಷ್ಟು ಜನರನ್ನು ಕಾಪಾಡಿದವನು ನೀನು, ಎಂದಳು. ಎವಾರಿಸ್ತೊಗೆ ಆ ಮಾತು ತಡೆಯಲಾಗಲಿಲ್ಲ. ಹೇಳಿಬಿಟ್ಟ. ಹುಡುಗಿ ಹೆಗಲು ಹಿಡಿದದ್ದು, ಕೂಗಿದ್ದು, ತಾನು ಹಿಡಿ ಎಳೆದದ್ದು.

ಓತಿಲಿಯಾ ಬಟ್ಟೆಯ ತುದಿ ಹಿಡಿದೇ ಅವನ ಕಡೆ ತಿರುಗಿದಳು. "ನಂಗ್ಯಾಕೋ ಹೇಳ್ಲಿಲ್ಲ?" ಎಂದಳು.

"ನೀನು ಪರವಾಗಿಲ್ಲ ಬಿಡು ಅಂತಿದ್ದೆ. ಅದನ್ನ ಕೇಳಕ್ಕೆ ನಂಗೆ ಇಷ್ಟ ಇರ್ಲಿಲ್ಲ."

ಅವಳು ಪರವಾಗಿಲ್ಲ ಎನ್ನಲಿಲ್ಲ. ಗಂಟು ಬಿಗಿಮಾಡಿ ಅವನ ಕೈಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು.

ನುಬಿಯಾಗೆ ವಿಷಯ ಮುಟ್ಟಿಸಿದವಳು ಅಕ್ಕನೇ ಇರಬೇಕು. ಮರುದಿನ ಗುಡ್ಡದ ಮೇಲಿನ ದೊಡ್ಡ ಕೋಟೆಗೆ ಮೂವರೂ ಹೋದರು. ಮೆಟ್ಟಿಲು ಹತ್ತಲಾರದೆ ಓತಿಲಿಯಾ ನೆರಳಲ್ಲಿ ಕೂತಳು. ಅಣ್ಣ ತಂಗಿ ಕೋಟೆಯೊಳಗಿನ ಸುರಂಗಕ್ಕೆ ಇಳಿದರು. ಮುಂದೆ ಬಗ್ಗಿ ನಡೆಯುತ್ತಿದ್ದ ನುಬಿಯಾ ತಿರುಗಿ ನೋಡದೆ ಕೇಳಿದಳು.

"ಅವ್ಳೂ ಬಿಡು ಅಂದ್ಲಾ?"

"ತೆಗಿ ಅಂದ್ಲು. ದಮ್ಮಯ್ಯ ಅಂದ್ಲು."

"ನಿನ್ನೆ ನಾನು ಅಂದ ಹಾಗೇನಾ?"

"ಹಾಗೇ."

"ನಂಗಿನ್ನೂ ಸಿಟ್ಟು ಹೋಗಿಲ್ಲ, ತಿಳ್ಕೋ" ಎಂದಳು ನುಬಿಯಾ. "ಅವಳಮ್ಮಂಗೆ ಗೊತ್ತಾ?"

"ಇಲ್ಲ."

"ಬದುಕಿದಾರಾ?"

"ಲಬ್ರಾನ್ಸಾಗ್ರಾಂದೆಯಲ್ಲಿದಾರೆ, ನಾನು ಬಸ್ ಓಡಿಸ್ತಿದ್ದ ಮಂಜಿನ ದಾರೀಲಿ. ಆ ದಾರಿಗೆ ನಾನು ಮತ್ತೆ ಹೋಗಿಲ್ಲ."

"ನಾನ್ ಬರ್ತೀನಿ" ಎಂದಳು ನುಬಿಯಾ.

ಊರಿಗೆ ಮರಳಿದ ಮೇಲೆ ಒಂದು ಸೋಮವಾರ ಇಬ್ಬರೂ ಹೊರಟರು. ಬಸ್ಸಿನಲ್ಲಿ ನುಬಿಯಾ ಅವನ ಪಕ್ಕದಲ್ಲಿ ಕೂರಲಿಲ್ಲ, ಹಿಂದಿನ ಸೀಟಿನಲ್ಲಿ ಕೂತಳು. ಆ ತಿರುವು ಬಂದಾಗ ಅವನ ಕತ್ತು ಬೆವತದ್ದನ್ನು ನೋಡಿದಳು.

ಯಾನೆತ್‌ಳ ತಾಯಿ ಎದೆಲ್ಮಿರಾ ಅಂಗಳದಲ್ಲಿ ಮುಸುಕಿನ ಜೋಳ ಬಿಡಿಸುತ್ತಿದ್ದಳು. ಎವಾರಿಸ್ತೊ ಟೋಪಿ ತೆಗೆದು ನಿಂತೇ ಎಲ್ಲ ಹೇಳಿದ. ಹೇಳುವಷ್ಟೂ ಹೊತ್ತು ಆಕೆಯ ಬೆರಳುಗಳು ಕಾಳು ಬಿಡಿಸುತ್ತಲೇ ಇದ್ದವು. ಮುಗಿದ ಮೇಲೆ ನಿಂತವು.

"ತಾನೇ ಬಾಗ್ಲು ಮುರಿದು ಹಾರಿದ್ಲು ಅಂದಿದ್ರು ನಂಗೆ" ಎಂದಳು. "ಅಷ್ಟು ಶಕ್ತಿ ಎಲ್ಲಿತ್ತು ಅವಳಿಗೆ? ನಮ್ಮನೆ ನೀರಿನ ಕೊಡ ಎತ್ತಕ್ಕೇ ಆಗ್ತಿರ್ಲಿಲ್ಲ."

ಆಕೆ ಜೋಳದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲಿಂದ ಹೋಗು ಅಂತ ಹೇಳ್ಬೇಕು ನಿಂಗೆ" ಎಂದಳು ಆಕೆ. ಆದರೆ ಹೇಳಲಿಲ್ಲ. "ಅವಳ ಕೊನೇ ಮಾತು ಕೇಳಿದೋನು ನೀನು. ಅವಳ ದನಿ ಹೇಗಿತ್ತು? ಅಳ್ತಿದ್ಲಾ?"

"ಅಳ್ತಿರ್ಲಿಲ್ಲಮ್ಮ. ಜೋರಾಗಿ ಕೂಗಿದ್ಲು. ನನ್ನ ಹೆಗಲನ್ನ ಗಟ್ಟಿಯಾಗಿ ಹಿಡ್ಕೊಂಡಿದ್ಲು."

"ಯಾವ ಹೆಗಲು?"

ಅವನು ತೋರಿಸಿದ. ಮುದುಕಿ ಎದ್ದು ಬಂದು, ಜೋಳದ ಹೊಟ್ಟು ಮೆತ್ತಿದ ಅಂಗೈಯನ್ನು ಅಲ್ಲಿ ಸ್ವಲ್ಪ ಹೊತ್ತು ಇಟ್ಟಳು. ಆಮೇಲೆ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳೇನೋ ಎಂದು ಅವರಿಬ್ಬರೂ ಕಾದು ನಿಂತರು. ಅವಳು ಎರಡು ಲೋಟ ಕಾಫಿ ಹಿಡಿದು ಬಂದಳು. ಒಂದನ್ನು ನುಬಿಯಾಗೆ ಕೊಟ್ಟು, ಇನ್ನೊಂದನ್ನು ಅವನ ಕೈಗೆ ಕೊಡದೆ ಪಕ್ಕದ ಕಲ್ಲಿನ ಮೇಲಿಟ್ಟಳು.

"ಪ್ರತಿ ಆಗಸ್ಟಲ್ಲಿ, ಅವಳು ಹೋದ ದಿನ, ಚರ್ಚಲ್ಲಿ ಅವಳ ಹೆಸರಲ್ಲಿ ಪೂಜೆ ಮಾಡಿಸ್ತೀನಿ" ಎಂದಳು ಅವನ ಮುಖ ನೋಡದೆ. "ಬಾ. ಹಿಂದಿನ ಬೆಂಚಲ್ಲಿ ಕೂತ್ಕೋ. ನನ್ನ ಮಾತಾಡಿಸ್ಬೇಡ."

ಅಲ್ಲಿಂದ ಮುಂದೆ ಪ್ರತಿ ಆಗಸ್ಟಿನಲ್ಲೂ ಎವಾರಿಸ್ತೊ ಆ ಮಂಜಿನ ದಾರಿಯ ಬಸ್ಸು ಹತ್ತಿದ. ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತ, ಆಕೆಯನ್ನು ಮಾತಾಡಿಸಲಿಲ್ಲ. ಮೊದಲ ಎರಡು ವರ್ಷ ನುಬಿಯಾ ಜೊತೆಗೆ ಹೋದಳು, ಆಮೇಲೆ ಅವನೊಬ್ಬನೇ ಹೋಗಿ ಬರುತ್ತಿದ್ದ.